ಅನಾನಸ್ ಪಾಲಿಸುವ ಲೆಕ್ಕವನ್ನು 40 ಕೋಟಿ ವರ್ಷದ ಹಿಂದಿನ ಗಿಡ ಯಾಕೆ ಪಾಲಿಸಲಿಲ್ಲ?

2023ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಒಂದು ಪಳೆಯುಳಿಕೆ ಗಿಡ ಸುದ್ದಿಯಾಯಿತು. ಗಿಡದ ಹೆಸರು ಆಸ್ಟರಾಕ್ಸಿಲಾನ್. ಸುಮಾರು 40.7 ಕೋಟಿ ವರ್ಷ ಹಳೆಯದು. ಹೂವಿಲ್ಲ, ಬೀಜವಿಲ್ಲ, ಜರೀಗಿಡಗಳ ಹಾಗೆ ಬೀಜಾಣು ಉದುರಿಸಿ ಸಂತಾನ ಬೆಳೆಸುತ್ತಿತ್ತು. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಮುಂದಾಳತ್ವದ ಒಂದು ತಂಡ ಇದರ ಎಲೆಗಳನ್ನು ಎಣಿಸಿ, ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿತು: ಈ ಗಿಡದ ಎಲೆಗಳು 1, 1, 2, 3, 5, 8 ಅಂತ ಸಾಗುವ ಫಿಬೊನಾಚಿ ಲೆಕ್ಕದಲ್ಲಿ ಇರಲಿಲ್ಲ.

ಸುದ್ದಿ ಇಷ್ಟೇ. ಆದರೆ ಓದಿದವರಿಗೆ ಗೊಂದಲ ಶುರುವಾಯಿತು. ಸೂರ್ಯಕಾಂತಿಯಲ್ಲಿ, ಅನಾನಸ್‌ನಲ್ಲಿ ಕಾಣುವ ಆ ಪ್ರಸಿದ್ಧ ಅಂಕಿಗಳು ಸುಳ್ಳಾ? ನಿಸರ್ಗದ ಗುಟ್ಟು ಅಂತ ಶಾಲೆಯಲ್ಲಿ ಕಲಿತದ್ದು ಹಾಗಾದರೆ ಏನು? ಒಂದು ಸತ್ತ ಗಿಡದ ಎಲೆ ಎಣಿಸಿದ್ದು ಅಷ್ಟು ದೊಡ್ಡ ವಿಷಯ ಯಾಕೆ?

ಗಣಿತಕ್ಕೆ ಇದರಿಂದ ಏನೂ ಆಗಿಲ್ಲ, ಸೂರ್ಯಕಾಂತಿಗೂ ಏನೂ ಆಗಿಲ್ಲ. ಅಲುಗಾಡಿದ್ದು ಇತಿಹಾಸದ ಒಂದು ನಂಬಿಕೆ. ಅದು ಯಾವುದು ಅಂತ ತಿಳಿಯಬೇಕಾದರೆ ಎಣಿಕೆಯಿಂದಲೇ ಶುರು ಮಾಡಬೇಕು.

ಎಣಿಸುವುದು ಹೇಗೆ?

ಒಂದು ಅನಾನಸ್ ಹಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಸಿಪ್ಪೆಯ ಮೇಲಿನ ಕಣ್ಣುಗಳು ಸುರುಳಿಯಾಗಿ ಮೇಲೇರುತ್ತವೆ. ಕೆಲವು ಸಾಲು ಎಡಕ್ಕೆ ತಿರುಗುತ್ತವೆ, ಕೆಲವು ಬಲಕ್ಕೆ. ಒಂದು ದಿಕ್ಕಿನ ಸಾಲುಗಳನ್ನು ಎಣಿಸಿದರೆ ಸಾಮಾನ್ಯವಾಗಿ 8 ಸಿಗುತ್ತವೆ, ಇನ್ನೊಂದು ದಿಕ್ಕಿನವು 13. ಸೂರ್ಯಕಾಂತಿಯ ತಲೆಯಲ್ಲಿ ಕಾಳುಗಳ ಸಾಲು ಹೀಗೆಯೇ 34 ಮತ್ತು 55 ಬರುತ್ತವೆ. ಹೂ ದೊಡ್ಡದಿದ್ದರೆ 55 ಮತ್ತು 89.

ಈ ಅಂಕಿಗಳೆಲ್ಲ ಒಂದೇ ಸರಣಿಯವು: 1, 1, 2, 3, 5, 8, 13, 21, 34, 55, 89. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಗಮನಿಸಬೇಕಾದ್ದು ಒಂದಿದೆ. ಎಡ ಬಲದ ಎರಡೂ ಎಣಿಕೆಗಳು ಈ ಸರಣಿಯಲ್ಲಿ ಅಕ್ಕಪಕ್ಕದವೇ ಆಗಿರಬೇಕು. ಒಂದು ಕಡೆ 8 ಸಿಕ್ಕಿತು ಅಂದ ಮಾತ್ರಕ್ಕೆ ಅದು ಫಿಬೊನಾಚಿ ಸುರುಳಿ ಆಗುವುದಿಲ್ಲ. ಜೋಡಿ ಮುಖ್ಯ.

ಹಾಗಂತ ಎಲ್ಲ ಗಿಡಗಳೂ ಸುರುಳಿಯಲ್ಲಿ ಎಲೆ ಬಿಡುವುದಿಲ್ಲ. ಜೋಳ, ಭತ್ತದ ಎಲೆಗಳು ಆ ಕಡೆ ಒಂದು, ಈ ಕಡೆ ಒಂದು ಅಂತ ಎರಡೇ ಸಾಲಿನಲ್ಲಿ ಬರುತ್ತವೆ. ತುಳಸಿಯಲ್ಲಿ ಎದುರುಬದುರು ಜೋಡಿ. ಕಣಗಿಲೆಯಲ್ಲಿ ಒಂದೇ ಗಿಣ್ಣಿನಲ್ಲಿ ಮೂರು ಎಲೆ ಬಳೆಯ ಹಾಗೆ ಸುತ್ತುವರಿಯುತ್ತವೆ. ಹಾಲೆ ಮರದಲ್ಲಿ ಆ ಬಳೆಗೆ ಏಳರವರೆಗೂ ಎಲೆ ಇರುತ್ತವೆ, ಸಪ್ತಪರ್ಣಿ ಅನ್ನುವ ಹೆಸರು ಬಂದದ್ದೇ ಅದರಿಂದ. ಇವನ್ನೆಲ್ಲ ಬಿಟ್ಟು ಸುರುಳಿಯಲ್ಲಿ ಎಲೆ ಬಿಡುವ ಗಿಡಗಳನ್ನು ಮಾತ್ರ ತೆಗೆದುಕೊಂಡರೆ, ಈಗ ಬದುಕಿರುವ ಗಿಡಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಸುರುಳಿಗಳು ಫಿಬೊನಾಚಿ ಲೆಕ್ಕದವು. ಉಳಿದವು ಬೇರೆ. ಅಂದರೆ ‘ನಿಸರ್ಗದ ನಿಯಮ’ ಅನ್ನುವ ಮಾತಿಗೆ ಮೊದಲಿನಿಂದಲೂ ಅಪವಾದಗಳು ಇದ್ದೇ ಇದ್ದವು. ನಾವು ಹೇಳಿಕೊಳ್ಳುವಾಗ ಅವನ್ನು ಬಿಟ್ಟುಬಿಡುತ್ತೇವೆ, ಅಷ್ಟೆ.

ನಮ್ಮ ಛಂದಸ್ಸಿನಲ್ಲೂ ಇದೇ ಅಂಕಿ

ಇಲ್ಲಿ ಒಂದು ಸಣ್ಣ ಅಡ್ಡದಾರಿ. ಫಿಬೊನಾಚಿ ಅಂದರೆ ಇಟಲಿಯ ಗಣಿತಜ್ಞ, 1202ರಲ್ಲಿ ಬರೆದವನು. ಅದಕ್ಕೂ ಮುಂಚೆ, ಸುಮಾರು 1150ರಲ್ಲಿ ನಮ್ಮ ಛಂದಸ್ಸಿನ ಪಂಡಿತ ಹೇಮಚಂದ್ರ, ಅವನಿಗಿಂತ ಎಷ್ಟೋ ಹಿಂದೆ ವಿರಹಾಂಕ ಇದೇ ಸರಣಿಯನ್ನು ಹೇಳಿದ್ದರು. ಅವರು ಎಣಿಸಿದ್ದು ಎಲೆಗಳನ್ನಲ್ಲ, ಮಾತ್ರೆಗಳನ್ನು.

ಕನ್ನಡ ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆ ಇದು ಗೊತ್ತಿಲ್ಲದೆಯೇ ಗೊತ್ತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಥರ ಕಟ್ಟಬಹುದು? ಮೂರು. ನಾಲ್ಕು ಮಾತ್ರೆಯದನ್ನು? ಐದು. ಐದು ಮಾತ್ರೆಯದನ್ನು ಎಂಟು ಥರ. ಭಾಮಿನಿ ಷಟ್ಪದಿಯ ಮೂರು ನಾಲ್ಕರ ಗಣಗಳು, ಕುಸುಮ ಷಟ್ಪದಿಯ ಐದರ ಗಣಗಳು, ಎಲ್ಲದರ ಹಿಂದೆ ಇದೇ 3, 5, 8. ಕಾರಣವೂ ಸರಳ. ಐದು ಮಾತ್ರೆಯ ಗಣ ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಇರಬೇಕು, ಗುರುವಿನಿಂದ ಮುಗಿದರೆ ಮೂರು. ಹಾಗಾಗಿ ಐದರ ಲೆಕ್ಕ ಅಂದರೆ ನಾಲ್ಕರ ಲೆಕ್ಕ ಮತ್ತು ಮೂರರ ಲೆಕ್ಕ ಕೂಡಿದ್ದು.

ಇದನ್ನು ಹಿಡಿದುಕೊಂಡು ‘ಗಿಡಗಳ ಗುಟ್ಟು ನಮ್ಮವರಿಗೆ ಮೊದಲೇ ಗೊತ್ತಿತ್ತು’ ಅನ್ನುವುದು ಸರಿಯಲ್ಲ. ಸರಣಿ ಗೊತ್ತಿತ್ತು, ಗಿಡದ ವಿಷಯ ಅಲ್ಲಿ ಬರಲಿಲ್ಲ. ಆದರೆ ಈ ಉದಾಹರಣೆ ಬೇರೊಂದು ಕಾರಣಕ್ಕೆ ಉಪಯೋಗಕ್ಕೆ ಬರುತ್ತದೆ. ಅಂಕಿಗಳನ್ನು ಯಾರೂ ಗಣದೊಳಗೆ ಬರೆದಿಟ್ಟಿಲ್ಲ. ಕಟ್ಟುವ ರೀತಿಯಿಂದ ಅವು ತಾವಾಗೇ ಹುಟ್ಟುತ್ತವೆ. ಗಿಡದಲ್ಲೂ ಹಾಗೆಯೇ, ಅದು ಮುಂದೆ ಬರುತ್ತದೆ.

ಗೋಡೆಯ ಕಲ್ಲಿನಲ್ಲಿ ಸಿಕ್ಕ ಗಿಡ

ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿ ರೈನಿ ಅನ್ನುವ ಸಣ್ಣ ಊರಿದೆ. 1910ರ ನಂತರದ ಎರಡು ಮೂರು ವರ್ಷಗಳಲ್ಲಿ ವಿಲಿಯಂ ಮ್ಯಾಕಿ ಅನ್ನುವ ವೈದ್ಯರು ಅಲ್ಲಿ ಬಂಡೆಗಳ ನಕ್ಷೆ ಮಾಡುತ್ತಾ ಓಡಾಡುತ್ತಿದ್ದರು. ಹೊಲದ ಕಲ್ಲುಗೋಡೆಗಳಲ್ಲಿ ಒಂದು ವಿಚಿತ್ರವಾದ ಗಟ್ಟಿ ಕಲ್ಲು ಅವರ ಕಣ್ಣಿಗೆ ಬಿತ್ತು. ಅದು ಚರ್ಟ್, ಅಂದರೆ ಸಿಲಿಕಾದಿಂದ ಆದ ಕಲ್ಲು. ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ಗಿಡಗಳೇ ಗಿಡಗಳು.

ಬಿಸಿನೀರಿನ ಬುಗ್ಗೆಗಳ ಪಕ್ಕದಲ್ಲಿ ಬೆಳೆಯುತ್ತಿದ್ದ ಗಿಡಗಳನ್ನು ಸಿಲಿಕಾ ತುಂಬಿದ ನೀರು ಮುಳುಗಿಸಿತ್ತು. ಕೊಳೆಯುವ ಮುಂಚೆಯೇ ಸಿಲಿಕಾ ಜೀವಕೋಶಗಳೊಳಗೆ ಇಳಿದು ಗಟ್ಟಿಯಾಯಿತು. ಸಾಮಾನ್ಯ ಪಳೆಯುಳಿಕೆ ಪುಸ್ತಕದ ನಡುವೆ ಇಟ್ಟು ಮರೆತ ಎಲೆಯ ಹಾಗೆ ಚಪ್ಪಟೆ. ರೈನಿಯ ಗಿಡಗಳು ಹಾಗಲ್ಲ. ನಿಂತಲ್ಲೇ, ಉಬ್ಬಿಕೊಂಡೇ, ಒಂದೊಂದು ಜೀವಕೋಶದ ಗೋಡೆಯೂ ಕಾಣುವಂತೆ ಉಳಿದಿವೆ. ಎಲೆ ಎಣಿಸುವ ಕೆಲಸಕ್ಕೆ ಇದು ಬಹಳ ಮುಖ್ಯ. ಚಪ್ಪಟೆಯಾದ ಗಿಡದಲ್ಲಿ ಕಾಂಡದ ಒಂದು ಮಗ್ಗುಲು ಮಾತ್ರ ಕಾಣುತ್ತದೆ, ಸುತ್ತ ಎಷ್ಟು ಎಲೆ ಇದ್ದವು ಅಂತ ಊಹೆ ಮಾಡಬೇಕು.

ರಾಬರ್ಟ್ ಕಿಡ್‌ಸ್ಟನ್ ಮತ್ತು ವಿಲಿಯಂ ಲ್ಯಾಂಗ್ 1917ರಿಂದ 1921ರವರೆಗೆ ಐದು ದೊಡ್ಡ ಪ್ರಬಂಧಗಳಲ್ಲಿ ಈ ಗಿಡಗಳನ್ನು ವಿವರಿಸಿದರು. ಅದರಲ್ಲಿ ಒಂದಕ್ಕೆ 1920ರಲ್ಲಿ ಕೊಟ್ಟ ಹೆಸರು ಆಸ್ಟರಾಕ್ಸಿಲಾನ್ ಮ್ಯಾಕಿಯೈ. ಮ್ಯಾಕಿಯವರ ನೆನಪಿಗೆ ಎರಡನೇ ಪದ. ಮೊದಲ ಪದಕ್ಕೆ ಗ್ರೀಕ್‌ನಲ್ಲಿ ‘ನಕ್ಷತ್ರದ ಕಟ್ಟಿಗೆ’ ಅಂತ ಅರ್ಥ, ಯಾಕೆಂದರೆ ಕಾಂಡವನ್ನು ಅಡ್ಡ ಕತ್ತರಿಸಿದರೆ ನೀರು ಸಾಗಿಸುವ ಭಾಗ ನಕ್ಷತ್ರದ ಆಕಾರದಲ್ಲಿ ಕಾಣುತ್ತದೆ. ರೈನಿಯ ಬೇರೆ ಗಿಡಗಳು ಬಹುತೇಕ ಬೋಳು ಕಡ್ಡಿಗಳು. ಆಸ್ಟರಾಕ್ಸಿಲಾನ್ ಮೈತುಂಬ ಪುಟ್ಟ ಎಲೆ ಹೊತ್ತಿತ್ತು. ಒಂದೊಂದು ಎಲೆ ಐದು ಮಿಲಿಮೀಟರಿನಷ್ಟು. ಗಿಡದ ಎತ್ತರ ಮೊಣಕಾಲಿನ ಆಸುಪಾಸು. ಅಲ್ಲಿನ ಗಿಡಗಳಲ್ಲಿ ಅತ್ಯಂತ ಸಂಕೀರ್ಣವಾದದ್ದು ಇದೇ.

ಒಮ್ಮೆ ಏಮಾರಿದ್ದು

ಕಿಡ್‌ಸ್ಟನ್ ಮತ್ತು ಲ್ಯಾಂಗ್ ಒಂದು ಕಡೆ ತಪ್ಪಿದರು. ಆಸ್ಟರಾಕ್ಸಿಲಾನ್ ಕಾಂಡಗಳ ಜೊತೆಗೆ ಬೀಜಾಣು ಚೀಲಗಳಿದ್ದ ಬೋಳು ಕಡ್ಡಿಗಳು ಸಿಕ್ಕವು. ಒಟ್ಟಿಗೆ ಸಿಕ್ಕಿವೆ, ಹಾಗಾಗಿ ಇವು ಅದೇ ಗಿಡದ ಮೇಲ್ತುದಿ ಇರಬೇಕು ಅಂತ ಅವರು ಊಹಿಸಿದರು. ನಲವತ್ತಕ್ಕೂ ಹೆಚ್ಚು ವರ್ಷ ಆ ಚಿತ್ರವೇ ನಡೆಯಿತು. 1964ರಲ್ಲಿ ಲಯನ್ ಅನ್ನುವ ಸಂಶೋಧಕರು ನಿಜವಾದ ಬೀಜಾಣು ಚೀಲಗಳನ್ನು ತೋರಿಸಿದರು. ಅವು ಎಲೆಗಳ ನಡುವೆಯೇ, ಸಣ್ಣ ತೊಟ್ಟಿನ ಮೇಲೆ ಕೂತಿದ್ದವು. ಆ ಬೋಳು ಕಡ್ಡಿಗಳು ಬೇರೆಯೇ ಗಿಡ, ಅದಕ್ಕೆ ನೋಥಿಯಾ ಅಂತ ಹೆಸರಾಯಿತು.

ಈ ತಿದ್ದುಪಡಿ ಆಗದಿದ್ದರೆ 2023ರ ಕೆಲಸದ ಅರ್ಧ ಭಾಗ ಸಾಧ್ಯವೇ ಆಗುತ್ತಿರಲಿಲ್ಲ. ಚೀಲಗಳು ಎಲೆಗಳ ನಡುವೆ ಇವೆ ಅಂತ ಗೊತ್ತಾದ ಮೇಲೆಯೇ ‘ಎರಡೂ ಒಂದೇ ಸಾಲಿನಲ್ಲಿವೆಯಾ’ ಅಂತ ಕೇಳಬಹುದು.

2023ರಲ್ಲಿ ಕಂಡದ್ದು

ಎಡಿನ್‌ಬರ್ಗ್‌ನ ಹಾಲಿ-ಆ್ಯನ್ ಟರ್ನರ್, ಸ್ಯಾಂಡಿ ಹೆದರಿಂಗ್ಟನ್ ಮತ್ತು ಜೊತೆಗಾರರು ಕಲ್ಲಿನ ತೆಳು ಸೀಳುಗಳ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಗಿಡದ ಚಿಗುರನ್ನು ಕಂಪ್ಯೂಟರ್‌ನಲ್ಲಿ ಮೂರು ಆಯಾಮದಲ್ಲಿ ಮತ್ತೆ ಕಟ್ಟಿದರು. ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯವೂ ಕೈಜೋಡಿಸಿತ್ತು. ಆಮೇಲೆ ಎಣಿಕೆ.

ಕೆಲವು ಚಿಗುರುಗಳಲ್ಲಿ ಎಲೆಗಳು ಬಳೆ ಬಳೆಯಾಗಿ ಇದ್ದವು. ಕೆಲವದರಲ್ಲಿ ಸುರುಳಿ ಇತ್ತು. ಆದರೆ ಸಿಕ್ಕ ಸುರುಳಿಗಳಲ್ಲಿ ಒಂದೂ ಫಿಬೊನಾಚಿ ಜೋಡಿ ಅಲ್ಲ. ಎಲ್ಲದರಲ್ಲೂ ಎಡ ಬಲದ ಎಣಿಕೆಗೆ ಒಂದೇ ಒಂದರ ವ್ಯತ್ಯಾಸ. ಒಂದು ದಿಕ್ಕಿಗೆ 7 ಇದ್ದರೆ ಇನ್ನೊಂದಕ್ಕೆ 8, ಆ ಥರ.

ಇದು ವಿಚಿತ್ರ ಅನಿಸುತ್ತದೆ. ಆದರೆ ಬಳೆಗೂ ಈ ಸುರುಳಿಗೂ ಇರುವ ದೂರ ಬಹಳ ಕಡಿಮೆ. ಒಂದರ ಮೇಲೊಂದು ಬಳೆ ಪೇರಿಸಿದ್ದೀರಿ ಅಂದುಕೊಳ್ಳಿ. ಪ್ರತಿ ಬಳೆಯಲ್ಲೂ ಏಳು ಎಲೆ, ಕೆಳಗಿನ ಬಳೆಯ ಸಂದಿಗೆ ಮೇಲಿನ ಎಲೆ. ಈಗ ಎಡಕ್ಕೂ 7 ಸಾಲು ಕಾಣುತ್ತವೆ, ಬಲಕ್ಕೂ 7. ಆ ಬಳೆಗಳನ್ನು ಕತ್ತರಿಸಿ, ಒಂದರ ತುದಿಯನ್ನು ಮೇಲಿನದರ ಬುಡಕ್ಕೆ ಸೇರಿಸುತ್ತಾ ಹೋದರೆ ಬಳೆಗಳ ರಾಶಿ ಒಂದು ಸ್ಪ್ರಿಂಗ್ ಆಗುತ್ತದೆ. ಆಗ ಒಂದು ದಿಕ್ಕಿನ ಎಣಿಕೆ ಒಂದರಷ್ಟು ತಪ್ಪುತ್ತದೆ. 7 ಮತ್ತು 7 ಹೋಗಿ 7 ಮತ್ತು 8 ಆಗುತ್ತದೆ. ಅಂದರೆ ಆಸ್ಟರಾಕ್ಸಿಲಾನ್‌ನ ಸುರುಳಿ ಮುಚ್ಚಿಕೊಳ್ಳದೆ ಉಳಿದ ಬಳೆ. ಒಂದೇ ಜಾತಿಯ ಗಿಡದಲ್ಲಿ ಎರಡೂ ಕಂಡದ್ದಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ.

ಇನ್ನೊಂದು ಫಲಿತಾಂಶ ಸುದ್ದಿಗಳಲ್ಲಿ ಅಷ್ಟಾಗಿ ಬರಲಿಲ್ಲ. ಬೀಜಾಣು ಚೀಲಗಳು ಎಲೆಗಳ ಸಾಲಿನಲ್ಲೇ, ಎಲೆ ಇರಬೇಕಾದ ಜಾಗದಲ್ಲೇ ಕೂತಿದ್ದವು. ನನ್ನ ಮಟ್ಟಿಗೆ ಫಿಬೊನಾಚಿಗಿಂತ ಇದೇ ಹೆಚ್ಚು ಮಜಾ ಕೊಡುವ ವಿಷಯ.

ಗಿಡಕ್ಕೆ ಲೆಕ್ಕ ಬರುತ್ತದಾ?

ಬರುವುದಿಲ್ಲ. ಚಿಗುರಿನ ತುದಿಯಲ್ಲಿ ಒಂದು ಪುಟ್ಟ ಗುಮ್ಮಟದಂಥ ಭಾಗವಿದೆ. ಹೊಸ ಎಲೆಗಳೆಲ್ಲ ಅದರ ಅಂಚಿನಲ್ಲಿ ಮೊಳೆಯುತ್ತವೆ. 1868ರಲ್ಲೇ ಜರ್ಮನಿಯ ಹಾಫ್‌ಮೈಸ್ಟರ್ ಒಂದು ಸರಳ ಮಾತು ಹೇಳಿದ್ದರು: ಎಲ್ಲಿ ಜಾಗ ಜಾಸ್ತಿ ಇದೆಯೋ ಅಲ್ಲಿ ಹೊಸ ಎಲೆ ಹುಟ್ಟುತ್ತದೆ. ಬಸ್ಸಿನಲ್ಲಿ ನಾವು ಸೀಟು ಹುಡುಕುವ ಹಾಗೆ.

ಇದರ ಹಿಂದಿನ ರಸಾಯನ 2003ರಲ್ಲಿ ಸ್ಪಷ್ಟವಾಯಿತು. ಆಕ್ಸಿನ್ ಅನ್ನುವ ಹಾರ್ಮೋನ್ ಎಲ್ಲಿ ಸೇರುತ್ತದೋ ಅಲ್ಲಿ ಎಲೆ ಮೊಳೆಯುತ್ತದೆ. ಮೊಳೆತ ಎಲೆ ಸುತ್ತಲಿನ ಆಕ್ಸಿನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಅದರ ಪಕ್ಕದಲ್ಲಿ ತಕ್ಷಣ ಇನ್ನೊಂದು ಎಲೆ ಹುಟ್ಟಲು ಸಾಧ್ಯವಿಲ್ಲ. ಮುಂದಿನದು ದೂರದಲ್ಲಿ ಹುಟ್ಟಬೇಕು.

ಜೀವವೇ ಇಲ್ಲದ ವಸ್ತುವಿನಲ್ಲೂ ಇದನ್ನು ಮಾಡಿ ತೋರಿಸಿದ್ದಾರೆ. 1992ರಲ್ಲಿ ಫ್ರಾನ್ಸಿನ ದುವಾಡಿ ಮತ್ತು ಕೂಡೆ ಅನ್ನುವ ಭೌತವಿಜ್ಞಾನಿಗಳು ಎಣ್ಣೆ ತುಂಬಿದ ತಟ್ಟೆಯ ನಡುವೆ ಕಾಂತೀಯ ದ್ರವದ ಹನಿಗಳನ್ನು ಬೀಳಿಸಿದರು. ಹನಿಗಳು ಒಂದನ್ನೊಂದು ದೂಡುತ್ತಾ ಅಂಚಿಗೆ ಸರಿದವು. ನಿಧಾನ ಬೀಳಿಸಿದರೆ ಜೋಳದ ಎಲೆಯ ಹಾಗೆ ಆ ಕಡೆ ಒಂದು, ಈ ಕಡೆ ಒಂದು. ಬೀಳುವ ವೇಗವನ್ನು ಹಂತ ಹಂತವಾಗಿ ಹೆಚ್ಚಿಸಿದರೆ ಫಿಬೊನಾಚಿ ಸುರುಳಿ, ಹನಿ ಹನಿಯ ನಡುವೆ ಸುಮಾರು 137.5 ಡಿಗ್ರಿ. ಎಣ್ಣೆಗೆ ಯಾವ ಗಣಿತವೂ ಗೊತ್ತಿರಲಿಲ್ಲ.

ಚಿಗುರಿನ ತುದಿಯ ಅಗಲ ಮತ್ತು ಮೊಳೆಯುವ ಎಲೆಯ ಗಾತ್ರ, ಇವೆರಡರ ನಡುವಿನ ಅನುಪಾತ ಮೆಲ್ಲಗೆ ಬದಲಾಗುತ್ತಾ ಹೋದರೆ ಫಿಬೊನಾಚಿ ಬರುತ್ತದೆ. ಅದು ಥಟ್ಟನೆ ಬದಲಾದರೆ ಎಡ ಬಲದ ಎಣಿಕೆಗಳು ಹತ್ತಿರ ಹತ್ತಿರ ಇರುವ ಬೇರೆ ಸುರುಳಿಗಳು ಬರಬಹುದು ಅಂತ ಗಣಿತದ ಮಾದರಿಗಳು ತೋರಿಸಿವೆ. ಮೆಕ್ಕೆಜೋಳದ ಒಂದು ಮ್ಯುಟೆಂಟ್ ತಳಿ ಇದಕ್ಕೆ ಪಕ್ಕದ ಸಾಕ್ಷಿ. ಅದರಲ್ಲಿ ಒಂದೇ ಒಂದು ಜೀನ್ ಕೆಟ್ಟಿದೆ. ಚಿಗುರಿನ ತುದಿ ಅಗಲವಾಗಿದೆ. ಎಲೆಗಳು ಎರಡು ಸಾಲಿನ ಜೋಡಣೆಯನ್ನು ಬಿಟ್ಟು ತುಳಸಿಯ ಹಾಗೆ ಜೋಡಿ ಜೋಡಿಯಾಗಿ ಬರುತ್ತವೆ. ಒಂದು ಜೀನ್ ತಪ್ಪಿದರೆ ಜೋಡಣೆಯೇ ಬದಲಾಗುತ್ತದೆ ಅಂದಮೇಲೆ, ಇದನ್ನು ಅಳಿಸಲಾಗದ ನಿಯಮ ಅನ್ನುವುದು ಕಷ್ಟ.

ಎರಡು ವಾದ

ಈಗ ಅಲುಗಾಡಿದ ನಂಬಿಕೆಗೆ ಬರೋಣ. ಎಲೆ ಹೊತ್ತ ಗಿಡಗಳಲ್ಲಿ ಎರಡು ದೊಡ್ಡ ಮನೆತನಗಳಿವೆ. ಒಂದು ಲೈಕೋಪಾಡ್‌ಗಳದು, ಅಂದರೆ ಸರಳ ಎಲೆಯ, ಬೀಜಾಣು ಉದುರಿಸುವ ಗಿಡಗಳದು. ಆಸ್ಟರಾಕ್ಸಿಲಾನ್ ಈ ಮನೆಯದು. ಇನ್ನೊಂದರಲ್ಲಿ ಜರೀಗಿಡ, ಪೈನ್, ಹೂ ಬಿಡುವ ಗಿಡ ಎಲ್ಲ ಬರುತ್ತವೆ. ಇವೆರಡು ಬೇರೆಯಾಗಿ 40 ಕೋಟಿ ವರ್ಷಕ್ಕಿಂತ ಜಾಸ್ತಿಯಾಯಿತು.

ಎರಡೂ ಮನೆಗಳಲ್ಲಿ ಇವತ್ತು ಫಿಬೊನಾಚಿ ಸುರುಳಿ ಸಿಗುತ್ತದೆ. ಅದನ್ನು ನೋಡಿ ಬಹಳ ಜನ ಹೀಗೆ ತರ್ಕಿಸಿದ್ದರು: ಮನೆ ಒಡೆಯುವ ಮುಂಚೆಯೇ ಈ ಗುಣ ಇತ್ತು, ಇಬ್ಬರಿಗೂ ಪಾಲಿನಲ್ಲಿ ಬಂತು. ಎಲೆ ಎಷ್ಟು ಹಳೆಯದೋ ಫಿಬೊನಾಚಿಯೂ ಅಷ್ಟೇ ಹಳೆಯದು.

ಆಸ್ಟರಾಕ್ಸಿಲಾನ್ ಇದಕ್ಕೆ ಅಡ್ಡ ಬರುತ್ತದೆ. ಲೈಕೋಪಾಡ್ ಮನೆಯ ಬುಡದ ಹತ್ತಿರವೇ ನಿಂತ ಗಿಡದಲ್ಲಿ ಅದು ಇಲ್ಲ ಅಂದರೆ, ಪಾಲಿನಲ್ಲಿ ಬಂದದ್ದು ಅನ್ನುವ ಮಾತು ನಿಲ್ಲುವುದು ಕಷ್ಟ. ಎರಡೂ ಕಡೆ ಬೇರೆ ಬೇರೆಯಾಗಿ ಹುಟ್ಟಿರಬೇಕು. ಈಗ ಬದುಕಿರುವ ಲೈಕೋಪಾಡ್‌ಗಳಲ್ಲೂ ಫಿಬೊನಾಚಿ ಅಲ್ಲದ ಜೋಡಣೆ ಸಾಕಷ್ಟು ಸಿಗುತ್ತದೆ. ಅದನ್ನು ಇಷ್ಟು ದಿನ ‘ದಾರಿ ತಪ್ಪಿದ್ದು’ ಅಂತ ಓದುತ್ತಿದ್ದೆವು. ಅದೇ ಹಳೆಯ ರೂಢಿ ಇರಬಹುದು.

ಎದುರು ವಾದಕ್ಕೂ ಬಲವಿದೆ. ಆಸ್ಟರಾಕ್ಸಿಲಾನ್ ಇವತ್ತಿನ ಲೈಕೋಪಾಡ್‌ಗಳ ನೇರ ಪೂರ್ವಜ ಅಂತ ಯಾರೂ ಹೇಳಲಾರರು. ಹತ್ತಿರದ ದಾಯಾದಿ, ಅಷ್ಟೇ. ಮೊದಲು ಫಿಬೊನಾಚಿ ಇದ್ದು, ಈ ಗಿಡ ಮಾತ್ರ ಅದನ್ನು ಕಳೆದುಕೊಂಡಿರಬಹುದು. ಒಂದು ಊರಿನ ಒಂದು ಜಾತಿಯಿಂದ ಇಡೀ ಕುಲದ ಕಥೆ ಹೇಳುವುದು ಅವಸರ. ನನಗೆ ಮೊದಲ ವಾದವೇ ಗಟ್ಟಿ ಅನಿಸುತ್ತದೆ. ಎಲೆಯೇ ಈ ಎರಡು ಮನೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ್ದು ಅನ್ನುವುದನ್ನು ಸಸ್ಯವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿದ್ದಾರೆ. ಎಲೆ ಎರಡು ಸಲ ಹುಟ್ಟಬಹುದಾದರೆ ಅದರ ಜೋಡಣೆ ಎರಡು ಸಲ ಹುಟ್ಟುವುದರಲ್ಲಿ ಏನು ಕಷ್ಟ? ಬೇರಿನ ಕಥೆಯೂ ಹೀಗೆಯೇ ಇದೆ. ಈಗಿನ ಬೇರುಗಳ ತುದಿಗೆ ಒಂದು ಟೋಪಿ ಇರುತ್ತದೆ. ಆಸ್ಟರಾಕ್ಸಿಲಾನ್‌ನ ಬೇರಿನಂಥ ಭಾಗಕ್ಕೆ ಅದು ಇಲ್ಲ ಅಂತ 2018ರಲ್ಲಿ ಗೊತ್ತಾಯಿತು. ಬೇರು ಕೂಡ ಒಂದೇ ಸಲ, ಒಂದೇ ಏಟಿಗೆ ಬಂದದ್ದಲ್ಲ.

ಎಲೆ ಹುಟ್ಟಿದ್ದು ಎಲ್ಲಿಂದ?

ಬೀಜಾಣು ಚೀಲದ ಫಲಿತಾಂಶ ಮುಖ್ಯವಾಗುವುದು ಇಲ್ಲಿ. ಲೈಕೋಪಾಡ್‌ಗಳ ಎಲೆ ಹೇಗೆ ಬಂತು ಅನ್ನುವುದು ನೂರು ವರ್ಷಕ್ಕೂ ಹಳೆಯ ಜಗಳ. ಕಾಂಡದ ಸಿಪ್ಪೆ ಮೊಡವೆಯ ಹಾಗೆ ಉಬ್ಬಿ, ಕ್ರಮೇಣ ಎಲೆಯಾಯಿತು ಅನ್ನುವುದು ಒಂದು ಪಕ್ಷ. ಅವರಿಗೆ ಆಸ್ಟರಾಕ್ಸಿಲಾನ್ ಬಹಳ ಪ್ರಿಯ. ಯಾಕೆಂದರೆ ನೀರಿನ ನಾಳ ಇದರ ಎಲೆಯ ಬುಡದವರೆಗೆ ಬಂದು ನಿಂತುಬಿಡುತ್ತದೆ, ಎಲೆಯೊಳಗೆ ಹೋಗುವುದಿಲ್ಲ. ಅರ್ಧ ದಾರಿಯಲ್ಲಿರುವ ಎಲೆ ಅನ್ನುವಂತೆ ಕಾಣುತ್ತದೆ. ಕವಲುಗಳು ಸಣ್ಣದಾಗಿ ಎಲೆಯಾದವು ಅನ್ನುವುದು ಇನ್ನೊಂದು ಪಕ್ಷ. ಮೂರನೆಯದನ್ನು 1997ರಲ್ಲಿ ಕ್ರೇನ್ ಮತ್ತು ಕೆನ್ರಿಕ್ ಮುಂದಿಟ್ಟರು: ಬೀಜಾಣು ಮಾಡುವ ಕೆಲಸ ಬಿಟ್ಟ ಚೀಲಗಳೇ ಎಲೆಗಳಾದವು.

ಎಲೆ ಮತ್ತು ಚೀಲ ಒಂದೇ ಸಾಲಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ ಅಂದರೆ, ಚಿಗುರಿನ ತುದಿ ಎರಡನ್ನೂ ಒಂದೇ ರೀತಿ ಹುಟ್ಟಿಸುತ್ತಿತ್ತು ಅಂತಾಯಿತು. ಇದು ಮೂರನೇ ಪಕ್ಷಕ್ಕೆ ಸ್ವಲ್ಪ ಬಲ ಕೊಡುತ್ತದೆ. ಆದರೆ ತೀರ್ಪು ಅಲ್ಲ. ಒಂದೇ ಬಾಗಿಲಿನಿಂದ ಬಂದವರೆಲ್ಲ ಒಂದೇ ಮನೆಯವರು ಆಗಬೇಕಿಲ್ಲ ಅಲ್ವಾ?

ಮುಂದೆ ಬದಲಾಗುವುದು ಏನು?

ಪಠ್ಯಪುಸ್ತಕದಲ್ಲಿ ಒಂದು ಸಾಲು ಬದಲಾಗಬೇಕು. ‘ಗಿಡಗಳು ಫಿಬೊನಾಚಿ ನಿಯಮ ಪಾಲಿಸುತ್ತವೆ’ ಅನ್ನುವ ಬದಲು, ‘ಈಗಿನ ಹೆಚ್ಚಿನ ಗಿಡಗಳ ಸುರುಳಿಯಲ್ಲಿ ಆ ಅಂಕಿಗಳು ಕಾಣುತ್ತವೆ’ ಅಂದರೆ ಸಾಕು. ಎಲೆಗೆ ಬಿಸಿಲು ಚೆನ್ನಾಗಿ ಸಿಗಲಿ ಅಂತ ಗಿಡ ಹೀಗೆ ಮಾಡುತ್ತದೆ ಅನ್ನುವ ಜನಪ್ರಿಯ ವಿವರಣೆಯನ್ನೂ ಸ್ವಲ್ಪ ಅನುಮಾನದಿಂದ ನೋಡಬೇಕು. ಜೋಡಣೆ ತೀರ್ಮಾನವಾಗುವುದು ಬಿಸಿಲಿನಲ್ಲಲ್ಲ, ಮೊಗ್ಗಿನೊಳಗಿನ ಕತ್ತಲೆಯಲ್ಲಿ. ಆಮೇಲೆ ಬಿಸಿಲಿಗೂ ಅನುಕೂಲವಾಗಿರಬಹುದು, ಅದು ಬೇರೆ ಪ್ರಶ್ನೆ.

ವಿಜ್ಞಾನಿಗಳಿಗೆ ಈಗ ಬೇಕಾಗಿರುವುದು ಇನ್ನಷ್ಟು ಹಳೆಯ ಎಲೆಗಳು. ಆಸ್ಟ್ರೇಲಿಯಾದ ಬರಗ್ವನಾಥಿಯಾ ಅನ್ನುವ ಲೈಕೋಪಾಡ್ ಆಸ್ಟರಾಕ್ಸಿಲಾನ್‌ಗಿಂತಲೂ ಹಳೆಯದು. ಅದನ್ನು 1935ರಲ್ಲಿ ವಿವರಿಸಿದ ಇಬ್ಬರಲ್ಲಿ ಒಬ್ಬರು ಅದೇ ಲ್ಯಾಂಗ್, ಇನ್ನೊಬ್ಬರು ಇಸಬೆಲ್ ಕುಕ್ಸನ್. ಆದರೆ ಅದು ಬಂಡೆಯಲ್ಲಿ ಚಪ್ಪಟೆಯಾಗಿ ಒತ್ತಿಹೋದ ಗಿಡ. ಅದರ ಕಾಂಡದ ಸುತ್ತ ಎಲೆ ಎಣಿಸುವುದು ರೈನಿಯ ಕಲ್ಲಿನಷ್ಟು ಸುಲಭವಲ್ಲ.

ಬದುಕಿರುವ ದಾಯಾದಿಗಳನ್ನು ಎಣಿಸಲು ಆ ತೊಂದರೆ ಇಲ್ಲ. ಲೈಕೋಪಾಡ್‌ಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ. ಮಳೆಕಾಡಿನ ಮರಗಳ ಕಾಂಡದಿಂದ ಹಸಿರು ಬಾಲದ ಹಾಗೆ ಜೋಲಾಡುವವು ಕೆಲವು, ರಸ್ತೆ ಬದಿಯ ತೇವದ ದಿಬ್ಬದಲ್ಲಿ ಪುಟ್ಟ ಪೈನ್ ಮರದ ಹಾಗೆ ನಿಲ್ಲುವವು ಕೆಲವು. ಹೋಮಿಯೋಪಥಿ ಅಂಗಡಿಯಲ್ಲಿ ಲೈಕೋಪೋಡಿಯಂ ಅಂತ ಸಿಗುವುದು ಇವೇ ಕುಲದ ಗಿಡದ ಬೀಜಾಣು ಪುಡಿಯಿಂದ ಮಾಡಿದ್ದು. ಇವುಗಳ ಒಂದು ಕಡ್ಡಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಎಡಕ್ಕೆ ಎಷ್ಟು ಸಾಲು, ಬಲಕ್ಕೆ ಎಷ್ಟು ಸಾಲು ಅಂತ ಎಣಿಸಿದರೆ ಒಮ್ಮೊಮ್ಮೆ ಅನಾನಸ್‌ನ ಲೆಕ್ಕವೇ ಸಿಗಬಹುದು. ಒಮ್ಮೊಮ್ಮೆ ಎರಡೂ ಕಡೆ ಸಮ ಬರಬಹುದು, ಇಲ್ಲವೇ ಒಂದರ ವ್ಯತ್ಯಾಸ, ರೈನಿಯ ಕಲ್ಲಿನೊಳಗಿನ ಗಿಡದ ಹಾಗೆ.